ಪಾಠ ಯೋಜನೆಗೊಂದು ಮುಖ್ಯ ದಾರಿ ಬೇಕು

ವಿಡಿಯೋ ಗೇಮ್ ಓದಿನ ಶತ್ರು ಎಂಬ ಮಾತು ನಮ್ಮ ಶಾಲೆಗಳಲ್ಲಿ ಸಾಮಾನ್ಯ. ಆದರೆ ಒಳ್ಳೆಯ ಗೇಮ್ ರೂಪಿಸುವವರು, ಆಟ ಮುಗಿಸಲು ಪ್ರತಿಯೊಬ್ಬರೂ ಹಾದುಹೋಗಲೇಬೇಕಾದ ಮುಖ್ಯ ದಾರಿಯ ಬಗ್ಗೆ ವಹಿಸುವ ಎಚ್ಚರವನ್ನು ಅಭ್ಯಾಸ ಬೋಧನೆಗೆ ಹೊರಟ ನಾವು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಮೊದಲ ಹಂತವನ್ನೇ ನೋಡಿ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ಈ ಹಂತದಲ್ಲಿ ಸೂಚನೆಯ ಒಂದು ವಾಕ್ಯವೂ ಇಲ್ಲ. ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ ಜಾಗ. ಎತ್ತ ನಡೆಯಬೇಕೆಂದು ತಾನೇ ತಿಳಿಯುತ್ತದೆ. ಮೊದಲು ಎದುರಾಗುವ ಶತ್ರು ಒಂದೇ ಒಂದು. ಅಲ್ಲಿ ಸೋತರೆ ಕಳೆದುಕೊಳ್ಳುವುದು ನಾಲ್ಕು ಹೆಜ್ಜೆ ಮಾತ್ರ. ಮುಂದೆ ಎದುರುಬದುರಾಗಿ ಎರಡು ಮೆಟ್ಟಿಲ ಸಾಲುಗಳಿವೆ. ನಡುವೆ ಗಟ್ಟಿ ನೆಲ. ಜಿಗಿತ ತಪ್ಪಿದರೂ ಪ್ರಾಣ ಹೋಗದು. ಅದರ ಬೆನ್ನಿಗೇ ಅಂಥದೇ ಇನ್ನೊಂದು ಜೋಡಿ. ಈ ಬಾರಿ ನಡುವೆ ಹೊಂಡ! ಜಿಗಿತ ಬಲ್ಲವರಿಗೆ ಮಾತ್ರ ಮುಂದಿನ ದಾರಿ. ಚುರುಕಾದವರಿಗೆ ಒಂದು ಕೊಳವೆಯೊಳಗೆ ನಾಣ್ಯಗಳ ಗುಪ್ತ ಕೋಣೆಯಿದೆ. ಅದೂ ಕೊನೆಗೆ ಮುಖ್ಯ ದಾರಿಗೇ ಬಂದು ಸೇರುತ್ತದೆ.

ಇದನ್ನು 10ನೇ ತರಗತಿಯ ಓಮನ ನಿಯಮಕ್ಕೆ ಅನ್ವಯಿಸೋಣ. ಮುಖ್ಯ ದಾರಿಯಲ್ಲಿ ಮೂರೇ ನಿಲ್ದಾಣ: ಮಂಡಲ ಪೂರ್ಣವಾದರೆ ಮಾತ್ರ ವಿದ್ಯುತ್ ಪ್ರವಹಿಸುತ್ತದೆ, ತಾಪ ಬದಲಾಗದಿದ್ದರೆ ವಿಭವಾಂತರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಪ್ರವಾಹವೂ ಹೆಚ್ಚುತ್ತದೆ, ಇವೆರಡರ ಅನುಪಾತವೇ ರೋಧ. ವಿಜ್ಞಾನಿಯ ಜೀವನಚರಿತ್ರೆ, ಬಣ್ಣದ ಚಾರ್ಟ್, ವಿಡಿಯೋ ಎಲ್ಲವೂ ಪಕ್ಕದ ದಾರಿಗಳು. ಮೊದಲ ಲೆಕ್ಕ 6 ವೋಲ್ಟ್, 2 ಆಂಪಿಯರ್ ಇರಲಿ. ಇದು ನೆಲವಿರುವ ಮೆಟ್ಟಿಲು. ಎರಡನೆಯದು 6 ವೋಲ್ಟ್, 200 ಮಿಲಿಆಂಪಿಯರ್. ಏಕಮಾನ ಬದಲಾಯಿಸುವ ಹೊಂಡ ಇಲ್ಲಿದೆ. ಬೇಗ ಮುಗಿಸಿದವರಿಗೆ ಕೊಳವೆಯ ದಾರಿ: ಬಲ್ಬಿನ ತಂತು ಕಾದಾಗಲೂ ಈ ಅನುಪಾತ ಹಾಗೆಯೇ ಉಳಿಯುತ್ತದೆಯೇ?

ಆಟದಲ್ಲಿ ಮತ್ತೆ ಮತ್ತೆ ಪ್ರಯತ್ನಿಸಬಹುದು, ನಮಗಿರುವುದು 40 ನಿಮಿಷ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಅಲ್ಲಿ ಹೊಂಡ ದಾಟದವನು ಮುಂದೆ ಹೋಗಲಾರ. ನಮ್ಮಲ್ಲಿ ಗಂಟೆ ಬಾರಿಸಿದರೆ ಸಾಕು, ದಾಟದವನೂ ಮುಂದಿನ ಪಾಠಕ್ಕೆ ಬಂದುಬಿಡುತ್ತಾನೆ. ಆದ್ದರಿಂದಲೇ ಪ್ರತಿ ನಿಲ್ದಾಣದಲ್ಲಿ ಎಲ್ಲ ಮಕ್ಕಳೂ ಪುಸ್ತಕದಲ್ಲಿ ಒಂದು ಉತ್ತರ ಬರೆಯುವವರೆಗೆ ನಿಲ್ಲಬೇಕು. ಸಮಯ ಸಾಲದಿದ್ದರೆ ಬಿಡಬೇಕಾದುದು ಪಕ್ಕದ ದಾರಿಗಳನ್ನು.

ಒಂದೇ ದಾರಿ ಹಾಕಿದರೆ ಮಗುವಿನ ಸ್ವಾತಂತ್ರ್ಯ ಕುಗ್ಗುವುದಿಲ್ಲವೇ? ನಮ್ಮ ನಲಿಕಲಿ ತರಗತಿಗಳ ಕಲಿಕಾ ಏಣಿಯೇ ಇದಕ್ಕೆ ಉತ್ತರ. ಮೆಟ್ಟಿಲುಗಳ ಕ್ರಮ ನಿಗದಿಯಾಗಿರುತ್ತದೆ. ಏರುವ ವೇಗ ಮಗುವಿನದು. ಪ್ರೌಢಶಾಲೆಗೆ ಬರುವಾಗ ಆ ಏಣಿಯನ್ನು ನಾವೇಕೆ ಮರೆಯಬೇಕು?

ಪಾಠ ವೀಕ್ಷಿಸುವ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಯೋಜನೆಯ ಅಂಕಣಗಳು ತುಂಬಿವೆಯೇ, ಪಾಠೋಪಕರಣ ಎಷ್ಟಿವೆ ಎಂದು ನೋಡುವ ಮುನ್ನ ಒಂದು ಪ್ರಶ್ನೆ ಕೇಳಿ: “ಕೊನೆಯ ಬೆಂಚಿನ ಮಗು ಇಂದು ದಾಟಲೇಬೇಕಾದ ಮೂರು ಜಾಗ ಯಾವುವು?” ಅದಕ್ಕೆ ಉತ್ತರವಿಲ್ಲದ ಯೋಜನೆ ಎಷ್ಟೇ ಅಂದವಾಗಿದ್ದರೂ ತರಗತಿಗೆ ಸಿದ್ಧವಾಗಿಲ್ಲ.