ನೊರೆ ಎದ್ದ ದಿನ ಮತ್ತು ಉಳಿದ ದಿನಗಳು

ದೇವನಹಳ್ಳಿ ಸೀಮೆಯ ಹಲವು ಕೆರೆಗಳಲ್ಲಿ ಈಗ ನಿಂತಿರುವುದು ಮಳೆಯ ನೀರಷ್ಟೇ ಅಲ್ಲ, ಬೆಂಗಳೂರಿನ ಬಚ್ಚಲ ನೀರು ಕೂಡ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ದಿನಕ್ಕೆ 21 ಕೋಟಿ ಲೀಟರ್ ಹರಿಸುವುದು ಎಚ್.ಎನ್. ವ್ಯಾಲಿ ಯೋಜನೆಯ ಲೆಕ್ಕ. ಮಾಧ್ಯಮದಲ್ಲಿ ಈ ನೀರು ಎರಡೇ ವೇಷದಲ್ಲಿ ಬರುತ್ತದೆ. ಕೆರೆ ಕೋಡಿ ಬಿದ್ದ ದಿನ ಜನಪ್ರತಿನಿಧಿಗಳು ಬಾಗಿನ ಬಿಡುವ ಚಿತ್ರ, ಪಕ್ಕದಲ್ಲಿ 'ಆಧುನಿಕ ಭಗೀರಥ' ಎಂಬ ಜಾಹೀರಾತು. ನೊರೆ ಎದ್ದ ದಿನ 'ವಿಷ ನೀರು'. ವರ್ಷದ ಉಳಿದ ದಿನಗಳಲ್ಲಿ ಆ ನೀರು ಏನು ಮಾಡುತ್ತಿರುತ್ತದೆ ಎಂಬುದನ್ನು ಕೇಳುವವರಿಲ್ಲ.

ಆರೋಗ್ಯ, ವಿಜ್ಞಾನ, ಸಮಾಜದ ಸಂಗತಿಗಳಲ್ಲಿ ಮಾಧ್ಯಮಗಳು ಸುಳ್ಳು ಹೇಳುತ್ತವೆ ಎಂಬ ದೂರು ಹಳೆಯದು. ನನ್ನ ತಕರಾರು ಬೇರೆ. ನೊರೆ ಬಂದದ್ದು ನಿಜ, ಹಾಸನದಲ್ಲಿ ಹರೆಯದ ಹುಡುಗ ಎದೆ ಹಿಡಿದುಕೊಂಡು ಕುಸಿದದ್ದೂ ನಿಜ. ಆದರೆ ಎಷ್ಟರಲ್ಲಿ ಎಷ್ಟು ಎಂಬುದನ್ನೂ ಆಮೇಲೇನಾಯಿತು ಎಂಬುದನ್ನೂ ಬಿಟ್ಟು ಹೇಳಿದ ನಿಜದಿಂದ ಓದುಗ ಏನನ್ನೂ ತೀರ್ಮಾನಿಸಲಾರ. ಅವನಿಗೆ ಉಳಿಯುವುದು ಹೆದರಿಕೆ, ಇಲ್ಲವೇ ಉಡಾಫೆ.

ನೊರೆಯನ್ನೇ ನೋಡಿ. 2018ರ ಬೇಸಿಗೆ ಕಳೆದ ಹೊತ್ತಿಗೆ ಇದೇ ಬಗೆಯಲ್ಲಿ ಸಂಸ್ಕರಿಸಿದ, ಬೆಂಗಳೂರಿನದೇ ಆದ ಕೆ.ಸಿ. ವ್ಯಾಲಿ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆ ಸೇರಿತು. ಜುಲೈನಲ್ಲಿ ಅಲ್ಲಿ ಬಿಳಿ ನೊರೆ ಕಾಣಿಸಿತು. ಅಷ್ಟರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ ಕೆರೆಗೆ ಬೆಂಕಿ ಬಿದ್ದದ್ದನ್ನೂ ನಾಡೆಲ್ಲ ಟಿ.ವಿ.ಯಲ್ಲಿ ನೋಡಿಯಾಗಿತ್ತು. ಹಾಗಾಗಿ ಲಕ್ಷ್ಮೀಸಾಗರದ ಚಿತ್ರಕ್ಕೆ ವಿವರಣೆಯೇ ಬೇಕಾಗಲಿಲ್ಲ. ಬೆಳ್ಳಂದೂರು ಕೋಲಾರಕ್ಕೆ ಬಂತು, ಅಷ್ಟೆ. ಹೈಕೋರ್ಟ್ ನೀರು ನಿಲ್ಲಿಸಿತು, ಆಮೇಲೆ ಬಿಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಕೆಲ ತಿಂಗಳಲ್ಲಿ ಅದೂ ತೆರವಾಯಿತು. ಪ್ರತಿ ಸಲವೂ ಯಾರು ಗೆದ್ದರು ಎಂಬುದೇ ಸುದ್ದಿ.

ನಡುವೆ ಕಳೆದುಹೋದದ್ದು ಸರಳವಾದ ಒಂದು ವಿವರಣೆ. ಮೊದಲ ಹಂತದಲ್ಲಿ ಕೊಳಚೆಯ ಗಷ್ಟು ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಗಾಳಿ ಊದಿ ಬೆಳೆಸಿದ ಬ್ಯಾಕ್ಟೀರಿಯಾ ಸಾವಯವ ಕೊಳೆಯನ್ನು ತಿಂದು ಮುಗಿಸುತ್ತವೆ. ಸೋಪು, ಡಿಟರ್ಜೆಂಟಿನ ಅಂಶ ಪೂರ್ತಿ ವಿಘಟನೆಯಾಗದೆ ಉಳಿದರೆ ನೀರು ಎತ್ತರದಿಂದ ಬೀಳುವ ಕಡೆ ನೊರೆ ಏಳುತ್ತದೆ. ನೊರೆ ಇದ್ದರೆ ಘಟಕದಲ್ಲಿ ಕೆಲಸ ಸರಿಯಾಗಿ ನಡೆದಿಲ್ಲ ಎಂದು ಅನುಮಾನಿಸಬಹುದು. ನೊರೆ ಇಲ್ಲದಿದ್ದರೆ ನೀರು ಚೊಕ್ಕವಾಗಿದೆ ಎಂದು ಹೇಳಲಾಗದು. ಸಾರಜನಕ, ರಂಜಕ, ಭಾರಲೋಹ, ರೋಗಾಣುಗಳು ಕ್ಯಾಮೆರಾ ಕಣ್ಣಿಗೆ ಬೀಳುವುದಿಲ್ಲ. ಅವನ್ನು ಇಳಿಸುವ ಮೂರನೇ ಹಂತದ ಸಂಸ್ಕರಣೆ ಬೇಕು ಎಂದು ಈ ಭಾಗದ ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ನನ್ನ ಮಟ್ಟಿಗೆ ಅದು ನ್ಯಾಯವಾದ ಬೇಡಿಕೆ. ಆ ಬೇಡಿಕೆಗೆ ಹೆಚ್ಚು ಪೆಟ್ಟು ಕೊಟ್ಟದ್ದು 'ವಿಷ' ಎಂಬ ತಲೆಬರಹವೇ. ವಿಷ ಎಂದ ಮೇಲೆ ಜನ ಸಾಯಬೇಕಲ್ಲ? ಯಾರೂ ಸಾಯಲಿಲ್ಲ, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರೂ ಬಂತು. ಆಗ ವಿಷದ ಮಾತಿನ ಜೊತೆಗೆ ಮೂರನೇ ಹಂತದ ಮಾತನ್ನೂ ಕಸದ ಬುಟ್ಟಿಗೆ ಹಾಕುವುದು ಅಧಿಕಾರಿಗಳಿಗೆ ಸಲೀಸಾಯಿತು. ನೊಂದವರ ಪರ ಎಂದುಕೊಂಡು ಉತ್ಪ್ರೇಕ್ಷೆ ಮಾಡುವವರು ಇದನ್ನು ಯೋಚಿಸಬೇಕು.

ದೇವನಹಳ್ಳಿ ಊರೊಳಗೇ ಇದಕ್ಕಿಂತ ದೊಡ್ಡ ಸಂಗತಿ ನಡೆದಿದೆ, ಸದ್ದಿಲ್ಲದೆ. ಇಲ್ಲಿನ ಸಿಹಿನೀರು ಕೆರೆಗೆ ಎಚ್.ಎನ್. ವ್ಯಾಲಿ ನೀರು ಬಂದ ಮೇಲೆ ಬಯೋಮ್ ಎನ್ವಿರಾನ್ಮೆಂಟಲ್ ಟ್ರಸ್ಟ್ ಪುರಸಭೆಯ ಜೊತೆ ಸೇರಿ ದಡದ ಹಳೆಯ ತೆರೆದ ಬಾವಿಗೆ ಮರುಜೀವ ಕೊಟ್ಟಿತು, ಫಿಲ್ಟರ್ ಬೋರ್‌ವೆಲ್‌ಗಳನ್ನು ಹಾಕಿಸಿತು. ಸಾವಿರ ಅಡಿ ಕೊರೆಯುವ ಬೋರ್ ಅಲ್ಲ ಇವು. ಕೆರೆಯ ನೀರು ಮಣ್ಣಿನಲ್ಲಿ ಸೋಸಿಕೊಂಡು ಇಳಿಯುವ ಮೇಲ್ಪದರದಿಂದಲೇ ಎತ್ತಿಕೊಳ್ಳುವಂಥವು. ಹಾಗೆ ಎತ್ತಿದ ನೀರನ್ನು ಘಟಕದಲ್ಲಿ ಮತ್ತೆ ಶುದ್ಧಮಾಡಿ ಊರಿನ ಸರಬರಾಜಿಗೆ ಸೇರಿಸುವ ವ್ಯವಸ್ಥೆಯಾಯಿತು. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೇ ಕೊಳಚೆಯನ್ನು ಕುಡಿಯುವ ನೀರಾಗಿಸುತ್ತಿದೆ. ಆಸ್ಟ್ರೇಲಿಯಾದ ಟೂವೂಂಬಾದಲ್ಲಿ 2006ರಲ್ಲಿ ಇಂಥದೇ ಯೋಜನೆ ಜನಮತಗಣನೆಗೆ ಹೋಗಿ, ಹೇಸಿಗೆಯನ್ನೇ ಬಂಡವಾಳ ಮಾಡಿಕೊಂಡ ಪ್ರಚಾರದ ಎದುರು ಸೋತಿತು. ಅಲ್ಲಿನವರು ಬೇಡ ಎಂದದ್ದು ಸರಿಯೋ ತಪ್ಪೋ, ಅವರನ್ನು ಕೇಳಿಯಾದರೂ ಕೇಳಿದ್ದರು. ನಮ್ಮಲ್ಲಿ ನಲ್ಲಿ ತಿರುಗಿಸುವವರಿಗೆ ನೀರಿನ ಜಾತಕ ತಿಳಿದಿರಬೇಕಾದದ್ದು ಅವರ ಹಕ್ಕು. ತಿಳಿಸಬೇಕಾದವರಲ್ಲಿ ಮಾಧ್ಯಮವೂ ಒಂದು. ಆದರೆ ಇಲ್ಲಿ ಬೈಟ್ ಕೊಡುವ ಜಗಳವಿಲ್ಲ, ಶವವಿಲ್ಲ, ನೊರೆಯೂ ಇಲ್ಲ.

ಎಷ್ಟರಲ್ಲಿ ಎಷ್ಟು ಎಂಬ ಪ್ರಶ್ನೆಗೆ 2025ರ ಹಾಸನಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಆ ಜೂನ್, ಜುಲೈನಲ್ಲಿ ಸುದ್ದಿವಾಹಿನಿಗಳು ಹೃದಯಾಘಾತದ ಸಾವುಗಳನ್ನು ಕ್ರಿಕೆಟ್ ಸ್ಕೋರಿನಂತೆ ಎಣಿಸಿದವು. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಂದು ಪರದೆ ಕೆಂಪಾಯಿತು. ಕೋವಿಡ್ ಲಸಿಕೆಯ ಮೇಲೆ ಅನುಮಾನ ಎದ್ದಿತು. ಮುಖ್ಯಮಂತ್ರಿಗಳೇ ಅದಕ್ಕೆ ದನಿಗೂಡಿಸಿದರು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವವೇ ಸಾಲು.

ಒಂದು ಕಾಗದ, ಪೆನ್ಸಿಲು ಸಾಕಿತ್ತು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರು ಮಂದಿ ಚಿಲ್ಲರೆ ತೀರಿಕೊಳ್ಳುತ್ತಾರೆ. ಅಂದರೆ ಆ ಜಿಲ್ಲೆಯಲ್ಲಿ 40 ದಿನಕ್ಕೆ ಸಾವಿರದಿನ್ನೂರರ ಆಸುಪಾಸು ಸಾವು. ದೇಶದ ಸಾವುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ. ಲೆಕ್ಕ ಮುನ್ನೂರರ ಹತ್ತಿರ ಹೋಗುತ್ತದೆ. ಹಾಗಾದರೆ ಇಪ್ಪತ್ತು ಚಿಲ್ಲರೆ ಸಾವು ಹೆಚ್ಚೋ ಕಡಿಮೆಯೋ? ಆ ಇಪ್ಪತ್ತನ್ನು ಆರಿಸಿದವರು ಯಾರು, ಯಾವ ಅಳತೆಯಲ್ಲಿ? ಹರೆಯದವರ ಸಾವು ಆತಂಕದ ವಿಷಯವೇ, ಅದನ್ನು ಈ ಲೆಕ್ಕ ಅಳಿಸುವುದಿಲ್ಲ. ಆದರೆ ಹರೆಯದವರಲ್ಲಿ ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು ಎಂದು ಕೇಳಿದ್ದರೆ ಸುದ್ದಿಗೊಂದು ನೆಲೆ ಸಿಗುತ್ತಿತ್ತು. ಜಯದೇವದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಅದನ್ನೇ ಕೇಳಿತು. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ, ಮೂತ್ರಪಿಂಡದ ಕಾಯಿಲೆ, ಅಪಘಾತ ಇತ್ಯಾದಿ. ಹಾಸನದಲ್ಲಿ ಸಾವುಗಳು ಅಸಹಜವಾಗಿ ಏರಿದ್ದಕ್ಕೆ ಆಧಾರವಿಲ್ಲ ಎಂದಿತು. ಈ ವರದಿಗೆ ಸಿಕ್ಕ ಹೊತ್ತನ್ನು ಮೊದಲಿನ ಗದ್ದಲಕ್ಕೆ ಸಿಕ್ಕ ಹೊತ್ತಿನ ಪಕ್ಕದಲ್ಲಿಟ್ಟು ನೋಡಿ, ಸಾಕು.

ಸಾಮಾಜಿಕ ಸಂಗತಿಗಳಲ್ಲೂ ಇದೇ ಚಾಳಿ. ಏರೋಸ್ಪೇಸ್ ಉದ್ಯಮಗಳಿಗಾಗಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ರಾಜ್ಯಮಟ್ಟದ ಮಾಧ್ಯಮದ ಕಣ್ಣು ಅಲ್ಲಿ ನಿಂತದ್ದು ಮೂರು ವರ್ಷದ ಮೇಲೆ, 2025ರ ಜೂನ್ 25ರಂದು ಪೊಲೀಸರು ಅವರನ್ನು ಎತ್ತಿ ವ್ಯಾನಿಗೆ ಹಾಕಿದಾಗ. ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಟ್ಟರು. ಅದೇ ದಿನ ಆಂಧ್ರದ ಸಚಿವ ನಾರಾ ಲೋಕೇಶ್ ಏರೋಸ್ಪೇಸ್ ಉದ್ಯಮಗಳನ್ನು ತಮ್ಮಲ್ಲಿಗೆ ಕರೆದು ಟ್ವೀಟ್ ಮಾಡಿದರು. ಸರಿ, ಸುದ್ದಿ ರಾಗಿ ಹೊಲದಿಂದ ಎದ್ದು ಆಂಧ್ರಕ್ಕೆ ಹೊರಟಿತು.

ದೋಷವನ್ನೆಲ್ಲ ವರದಿಗಾರರ ತಲೆಗೆ ಕಟ್ಟುವುದು ಸುಲಭ. ತಾಲ್ಲೂಕು ವರದಿಗಾರನ ಪಾಡು ನೋಡಿದವರು ಹಾಗೆ ಮಾಡಲಾರರು. ಅಪರಾಧ, ಜಾತ್ರೆ, ಕೆಡಿಪಿ ಸಭೆ ಎಲ್ಲವೂ ಅವನದೇ. ಜೊತೆಗೆ ವಿಶೇಷ ಸಂಚಿಕೆಗೆ ಜಾಹೀರಾತನ್ನೂ ಅವನೇ ತರಬೇಕು. ಕೆರೆ ನೀರಿನ ಪರೀಕ್ಷಾ ವರದಿ ಕೊಡಿ ಎಂದು ಕಚೇರಿಗೆ ಹೋದರೆ ಮೇಲಿನವರನ್ನು ಕೇಳಿ ಎನ್ನುತ್ತಾರೆ. ಹಾಗಿದ್ದೂ ಕನ್ನಡ ಪತ್ರಿಕೋದ್ಯಮಕ್ಕೆ ಇದು ಆಗದ ಕೆಲಸವೇನಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ ಅದನ್ನು ಮೊದಲು ಬರೆದವರಲ್ಲಿ ಒಬ್ಬರು ಆ ಊರಿನ ಕೃಷಿಕ–ಪತ್ರಕರ್ತ ಶ್ರೀಪಡ್ರೆ. ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ರೋಗಿಗಳ ವಿವರ ಬರೆದಿಡುತ್ತಿದ್ದರು. ಸುಪ್ರೀಂ ಕೋರ್ಟ್ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ; ನಡುವೆ ಎರಡು ದಶಕಕ್ಕೂ ಹೆಚ್ಚು ಕಾಲ. ಬ್ರೇಕಿಂಗ್ ನ್ಯೂಸ್ ಆಗಿ ಒಂದೇ ಸಂಜೆ ಮುಗಿಯುವ ಕತೆ ಅದಾಗಿರಲಿಲ್ಲ. ಬರೆದವರು ಅಲ್ಲೇ ವಾಸವಾಗಿದ್ದರು, ಆದ್ದರಿಂದ ಮತ್ತೆ ಮತ್ತೆ ಬರೆದರು.

ಎಲ್ಲ ಊರಿಗೂ ಒಬ್ಬ ಶ್ರೀಪಡ್ರೆ ಸಿಗುವುದಿಲ್ಲ. ಆದರೆ ಒಂದೇ ಅಂಕಿಯನ್ನು ಬೇಸರವಿಲ್ಲದೆ ದಿನಾ ಹೇಳುವ ಅಭ್ಯಾಸ ನಮ್ಮ ಪತ್ರಿಕೆಗಳಿಗೆ ಇದ್ದೇ ಇದೆ. ಕೆ.ಆರ್.ಎಸ್. ಜಲಾಶಯದಲ್ಲಿ ಎಷ್ಟು ಅಡಿ ನೀರು, ಚಿನ್ನ ಗ್ರಾಂಗೆ ಎಷ್ಟು, ದೇವನಹಳ್ಳಿ ಬಳಿಯ ವಿಜಯಪುರ ಮತ್ತು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಧಾರಣೆ ಎಷ್ಟು ಎಂಬುದನ್ನು ಅವು ಅಚ್ಚು ಹಾಕುತ್ತವೆ. ನಿನ್ನೆಗೂ ಇಂದಿಗೂ ಹೋಲಿಸಿ ಓದಲು ರೇಷ್ಮೆ ಬೆಳೆಗಾರನಿಗೆ ಯಾರೂ ಕಲಿಸಿಕೊಡಬೇಕಿಲ್ಲ. ಅದೇ ಪುಟದ ಮೂಲೆಯಲ್ಲಿ ತಿಂಗಳಿಗೊಮ್ಮೆ ಸಿಹಿನೀರು ಕೆರೆಗೂ ಆಚೀಚಿನ ಕೆರೆಗಳಿಗೂ ನಾಲ್ಕು ಸಾಲು ಬೇಕು: ಸಾರಜನಕ, ರಂಜಕ, ಭಾರಲೋಹ, ರೋಗಾಣು, ಮಿತಿ ಇಷ್ಟು, ಈ ತಿಂಗಳು ಇಷ್ಟು, ಪರೀಕ್ಷಿಸಿದವರು ಇಂಥವರು. ವರದಿ ಕೊಡದ ತಿಂಗಳು ಆ ಜಾಗವನ್ನು ಖಾಲಿ ಬಿಟ್ಟು, ಇಲಾಖೆ ಕೊಟ್ಟಿಲ್ಲ ಎಂದು ಹಾಕಲಿ.