ಮುಂಬಯಿಯ ಮತಕ್ಷೇತ್ರಗಳ ಗಡಿಯೂ ನಮ್ಮ ಓಟೂ

ಚುನಾವಣೆ ಬಂದಾಗ ಯಾರಿಗೆ ಓಟು ಎಂಬ ಚರ್ಚೆ ನಮ್ಮ ಖೋಲಿಗಳಲ್ಲಿಯೂ ಹೋಟೆಲಿನ ಅಡಿಗೆಮನೆಗಳಲ್ಲಿಯೂ ಬೇಕಾದಷ್ಟು ನಡೆಯುತ್ತದೆ. ಆದರೆ ನಾವಿರುವ ಬೀದಿ ಯಾವ ಮತಕ್ಷೇತ್ರಕ್ಕೆ ಸೇರಿದೆ, ಅದನ್ನು ಅಲ್ಲಿಗೆ ಸೇರಿಸಿದ್ದು ಯಾವಾಗ, ಯಾಕೆ ಎಂದು ಕೇಳುವವರು ಕಡಿಮೆ. ಇದೆಲ್ಲ ವಕೀಲರ ಕೆಲಸವೆಂದು ನಮ್ಮವರು ಬಿಟ್ಟುಬಿಟ್ಟಿದ್ದಾರೆ. ಹಾಗೆ ಬಿಡತಕ್ಕ ಮಾತು ಇದಲ್ಲವೆಂಬುದು ನಮ್ಮ ಅಭಿಪ್ರಾಯ.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆದಾಗ ಮುಂಬಯಿ ನಗರಕ್ಕೆ ದಕ್ಷಿಣ, ಉತ್ತರ ಎಂದು ಎರಡೇ ಲೋಕಸಭಾ ಕ್ಷೇತ್ರಗಳಿದ್ದವು. ಉಪನಗರಗಳಿಗೆಲ್ಲ ಸೇರಿ ಇನ್ನೊಂದು. ಉತ್ತರ ಕ್ಷೇತ್ರ ಇಬ್ಬರು ಸದಸ್ಯರನ್ನು ಕಳುಹಿಸುವಂಥದು, ಒಂದು ಸ್ಥಾನ ಪರಿಶಿಷ್ಟ ಜಾತಿಗಳಿಗೆ ಮೀಸಲು. ಡಾ. ಅಂಬೇಡ್ಕರರಂಥವರು ಅಲ್ಲಿ ನಾರಾಯಣ ಕಾಜ್ರೋಳ್ಕರರ ಎದುರು ಸೋತರು. 1957ಕ್ಕೆ ಮಧ್ಯ ಕ್ಷೇತ್ರವೊಂದು ಹುಟ್ಟಿತು. ಗಿರಣಿ ಕೆಲಸಗಾರರ ನಾಯಕ ಡಾಂಗೆಯವರು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಅಲೆಯಲ್ಲಿ ಅಲ್ಲಿಂದ ಗೆದ್ದು ಹೋದರು. ಇಬ್ಬರು ಸದಸ್ಯರ ಪದ್ಧತಿಯನ್ನು 1961ರ ಕಾನೂನು ರದ್ದುಮಾಡಿತು. 1967ಕ್ಕೆ ಐದು ಕ್ಷೇತ್ರಗಳಾದವು, 1977ಕ್ಕೆ ಆರು. ಆಮೇಲೆ ಸಂಖ್ಯೆ ಬದಲಾಗಲಿಲ್ಲ, ಗೆರೆ ಮಾತ್ರ ಬದಲಾಯಿತು.

1967ರ ಹೆಸರು ಬಂದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ದಕ್ಷಿಣ ಮುಂಬಯಿಯೆಂದರೆ ಪೇಟೆಯ ಧಣಿಗಳ ಕ್ಷೇತ್ರ, ಅಲ್ಲಿ ಮೂರು ಸಲ ಗೆದ್ದಿದ್ದ ಸ. ಕಾ. ಪಾಟೀಲರನ್ನು ಅಲುಗಾಡಿಸಲು ಯಾರಿಂದಲೂ ಆಗದು ಎಂದು ಜನ ನಂಬಿದ್ದರು. ಅವರನ್ನು ಸೋಲಿಸಿದವರು ಮಂಗಳೂರಿನಲ್ಲಿ ಹುಟ್ಟಿ 1949ರಲ್ಲಿ ಈ ಊರಿಗೆ ಬಂದ ಜಾರ್ಜ್ ಫೆರ್ನಾಂಡಿಸರು. ಊರಿನಲ್ಲಿರುವಾಗಲೇ ಹೋಟೆಲು ಕೆಲಸಗಾರರನ್ನು ಕೂಡಿಸಿ ಅಭ್ಯಾಸವಾಗಿದ್ದವರು, ಇಲ್ಲಿ ಟ್ಯಾಕ್ಸಿಯವರನ್ನೂ ನಗರಸಭೆಯ ಕೆಲಸಗಾರರನ್ನೂ ಸಂಘಟಿಸಿದರು. ಧಣಿಗಳ ಬಂಗಲೆಗಳಿರುವ ಕ್ಷೇತ್ರದಲ್ಲಿಯೇ ಆ ಬಂಗಲೆಗಳಿಗೆ ಹಾಲು, ಕಾಗದ, ನೀರು ಮುಟ್ಟಿಸುವವರೂ ಇದ್ದಾರೆ, ಅವರ ಓಟೂ ಒಂದು ಓಟೇ ಎಂಬ ಲೆಕ್ಕವನ್ನು ಪಾಟೀಲರ ಕಡೆಯವರು ಮಾಡಿರಲಿಲ್ಲವೆಂದು ಕಾಣುತ್ತದೆ.

ಇಂಗ್ಲೆಂಡಿನ ಕಥೆಯನ್ನೂ ನೋಡೋಣ. ಪಾರ್ಲಿಮೆಂಟೆಂಬುದನ್ನು ನಾವು ಕಲಿತದ್ದೇ ಅವರಿಂದ. ಅಲ್ಲಿ ಓಲ್ಡ್ ಸಾರಮ್ ಎಂಬ, ಹೆಚ್ಚುಕಡಿಮೆ ಜನವೇ ಇಲ್ಲದ ದಿಬ್ಬವೊಂದು 1832ರ ವರೆಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತು. ಹತ್ತಿ ಗಿರಣಿಗಳಿಂದ ಬೆಳೆದ ಮ್ಯಾಂಚೆಸ್ಟರಿಗೋ ಸ್ವಂತ ಸದಸ್ಯನೇ ಇರಲಿಲ್ಲ. 1819ರ ಆಗಸ್ಟಿನಲ್ಲಿ ಅದನ್ನು ಕೇಳಲು ಮೈದಾನದಲ್ಲಿ ಸೇರಿದ ಜನರ ಮೇಲೆ ಕುದುರೆ ದಳ ನುಗ್ಗಿತು, ಜನ ಸತ್ತರು. 1832ರಲ್ಲಿ ಮ್ಯಾಂಚೆಸ್ಟರಿಗೆ ಎರಡು ಸ್ಥಾನ ಸಿಕ್ಕಿತು, ಆದರೆ ಗಿರಣಿಯ ಕೂಲಿಗೆ ಓಟು ಸಿಗಲಿಲ್ಲ. ಗೆರೆ ಸರಿಯಾದರೂ ಪಟ್ಟಿ ಸರಿಯಾಗದಿದ್ದರೆ ಹೀಗೇ.

ನಮ್ಮಲ್ಲಿ ದೊಡ್ಡ ಬದಲಾವಣೆಯಾದದ್ದು 2008ರಲ್ಲಿ. 1976ರ ತಿದ್ದುಪಡಿಯಿಂದಾಗಿ ಕ್ಷೇತ್ರಗಳು ಅಲ್ಲಿಯ ತನಕ 1971ರ ಜನಗಣತಿಯ ಮೇಲೆಯೇ ನಿಂತಿದ್ದವು. ಈ ನಡುವೆ 1982ರ ಗಿರಣಿ ಮುಷ್ಕರ ಬಂತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಜನ ಉತ್ತರಕ್ಕೆ ಸರಿದರು. 2001ರಲ್ಲಿ ಎಣಿಸಿದಾಗ ನಗರ ಜಿಲ್ಲೆಯಲ್ಲಿ ಸುಮಾರು 33 ಲಕ್ಷ, ಉಪನಗರ ಜಿಲ್ಲೆಯಲ್ಲಿ ಸುಮಾರು 86 ಲಕ್ಷ ಜನ; ಆದರೂ ಎರಡಕ್ಕೂ ಹದಿನೇಳು ಹದಿನೇಳು ಶಾಸಕರು! ಹೊಸ ವಿಂಗಡಣೆಯಲ್ಲಿ ನಗರಕ್ಕೆ 10, ಉಪನಗರಕ್ಕೆ 26 ಆಯಿತು. ಇದು ನ್ಯಾಯವೆಂದೇ ನಾವು ಹೇಳುತ್ತೇವೆ. ಭಾಂಡುಪಿನಲ್ಲಿಯೂ ಬೊರಿವಲಿಯಲ್ಲಿಯೂ ಇರುವವರು ನಮ್ಮವರೇ.

ಆದರೆ ಅದೇ ಏಟಿಗೆ ಗಿರಣಗಾಂವ ಸ್ಥಳ ಬದಲಿಸಿತು. ಲಾಲ್‌ಬಾಗ್, ಪರೇಲ್ ಇದ್ದ ದಕ್ಷಿಣ-ಮಧ್ಯ ಕ್ಷೇತ್ರದಿಂದ 1984ರಲ್ಲಿ, ದೇಶವೆಲ್ಲ ಕಾಂಗ್ರೆಸ್ಸಿನ ಕಡೆ ಹರಿದಾಗ, ಮುಷ್ಕರದ ನಾಯಕ ದತ್ತಾ ಸಾಮಂತರು ಗೆದ್ದಿದ್ದರು. 2008ರ ನಂತರ ಶಿವಡಿ, ವರಳಿಗಳು ಮಲಬಾರ್ ಹಿಲ್, ಕೊಲಾಬಾಗಳ ಜೊತೆ ದಕ್ಷಿಣ ಕ್ಷೇತ್ರದಲ್ಲಿವೆ. ‘ದಕ್ಷಿಣ-ಮಧ್ಯ’ವೆಂಬ ಹೆಸರು ಧಾರಾವಿ, ಮಾಹಿಮ್, ವಡಾಲಾ, ಚೆಂಬೂರಿನ ಕಡೆಗೆ ಹೋಯಿತು. ನಮ್ಮ ಕೋಟೆ ಒಡೆದರೆಂದು ಹಳೆಯ ಗಿರಣಿಯವರು ಕೊರಗುತ್ತಾರೆ. ಅವರ ನೋವು ಸುಳ್ಳಲ್ಲ. ಆದರೂ ಕೋಟೆ ಒಡೆದದ್ದು ಗೆರೆಯಿಂದಲ್ಲ. ಚಾಳು ಬಿದ್ದು ಗೋಪುರ ಎದ್ದಾಗಲೇ ಅದು ಒಡೆದಿತ್ತು.

ನಮಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ. ಕೋಟೆ ಭಾಗದ ಹೋಟೆಲಿನಲ್ಲಿ ದುಡಿದು ನಾಲಾಸೋಪಾರಾದಲ್ಲಿ ಮಲಗುವವನ ಓಟು ಪಾಲಘರ ಕ್ಷೇತ್ರಕ್ಕೆ, ಡೊಂಬಿವಲಿಯವನದು ಕಲ್ಯಾಣಕ್ಕೆ. ಅದಾದರೂ ಸರಿ. ಹೋಟೆಲಿನ ಅಟ್ಟದ ಮೇಲೆಯೇ ಮಲಗುವ ಮಾಣಿಯ ಹೆಸರು ಎಲ್ಲಿದೆ? ಕುಂದಾಪುರದ ಕಡೆಯ ಪಟ್ಟಿಯಲ್ಲಿ ಇದ್ದರೂ ಅವನು ಚುನಾವಣೆಗೆ ಊರಿಗೆ ಹೋಗಲಾರ, ಇಲ್ಲಿಯ ಪಟ್ಟಿಯಲ್ಲಿ ಅವನಿಲ್ಲ. 1950ರ ಕಾನೂನು ಕೇಳುವುದು ಸಾಮಾನ್ಯವಾಗಿ ಎಲ್ಲಿ ವಾಸವಾಗಿದ್ದಾನೆ ಎಂದು, ಸ್ವಂತ ಮನೆ ಇದೆಯೇ ಎಂದಲ್ಲ. ಎರಡು ಕಡೆ ಹೆಸರಿರಬಾರದು, ಒಂದು ಕಡೆ ಇರಲೇಬೇಕು. ವಿಳಾಸ ಬರೆದುಕೊಟ್ಟರೆ ನಾಳೆ ಜಾಗದ ಹಕ್ಕು ಕೇಳುತ್ತಾರೆಂದು ಹೆದರುವ ಮಾಲಿಕರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಮತದಾರರ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಾಗದ ಹಕ್ಕು ಬರುವುದಿಲ್ಲವೆಂದು ಅವರಿಗೆ ಸಮಾಧಾನವಾಗಿ ತಿಳಿಸಬೇಕು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದೂ ಕಾನೂನಿದೆ, ದಿನಗೂಲಿಯವರಿಗೂ ಸಹ. ಅದನ್ನು ಕೇಳಿ ಪಡೆಯಬೇಕು.

ಲೋಕಸಭೆಯ ಸ್ಥಾನಗಳ ಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯ ತನಕ ಮುಟ್ಟಬಾರದೆಂದು 84ನೆಯ ತಿದ್ದುಪಡಿ ಕಟ್ಟುಹಾಕಿತ್ತು. ಕಳೆದ ಸಲ ಆಯೋಗದವರು ಮೊದಲು ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಬೇಕೆಂದು ಕಾನೂನಿನಲ್ಲಿತ್ತು. ಮುಂದೆ ಅಂಥ ಸಭೆ ಕರೆದಾಗ ನಮ್ಮವರು ಬರಿಗೈಯಲ್ಲಿ ಹೋಗಬಾರದು. ಆದ್ದರಿಂದ ಪ್ರತಿ ಶಾಖೆಯವರು ತಮ್ಮ ವಿಭಾಗದ ಹೋಟೆಲು, ಕ್ಯಾಂಟೀನುಗಳಲ್ಲಿ ಮಲಗುವವರು ಎಷ್ಟು, ಅವರಲ್ಲಿ ಇಲ್ಲಿಯ ಪಟ್ಟಿಯಲ್ಲಿ ಇರುವವರು ಎಷ್ಟು ಎಂದು ಈಗಿನಿಂದಲೇ ಬರೆದಿಡಲಿ. ಊರಿನ ಪಟ್ಟಿಯಲ್ಲಿ ಮಾತ್ರ ಹೆಸರಿರುವವರನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಅವರಿಗೆ 8ನೆಯ ನಮೂನೆ, ಎಲ್ಲಿಯೂ ಹೆಸರಿಲ್ಲದ ಹುಡುಗರಿಗೆ 6ನೆಯ ನಮೂನೆ.