ಸೆಪ್ಟೆಂಬರ್ ವಿಷುವ: ಅಂದು ಹಗಲು-ರಾತ್ರಿ ಸಮವೇ? ಬಿಸಿಲು ಅಪಾಯಕಾರಿಯೇ?

ವಿಷುವ ದಿನದಂದು ಸೂರ್ಯ ಭೂಮಿಯ ಹತ್ತಿರ ಬರುತ್ತಾನೆ, ನೇರ ನೆತ್ತಿಯ ಮೇಲಿರುತ್ತಾನೆ, ಮಧ್ಯಾಹ್ನ ಮನೆಯಿಂದ ಹೊರಗೆ ಹೋಗಬೇಡಿ, ಮೊಬೈಲ್ ದೂರವಿಡಿ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಒಂದೊಂದಾಗಿ ಪರಿಶೀಲಿಸೋಣ.

ವಿಷುವ ಎಂದರೇನು?

ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆಗೆ ಬಾಗಿರುತ್ತದೆ, ನಮಗೆ ಹಗಲು ಹೆಚ್ಚು. ಡಿಸೆಂಬರ್‌ನಲ್ಲಿ ಇದು ತಿರುಗುಮುರುಗು. ಈ ಎರಡರ ನಡುವೆ, ಮಾರ್ಚ್ 20ರ ಸುಮಾರಿಗೆ ಮತ್ತು ಸೆಪ್ಟೆಂಬರ್ 22 ಅಥವಾ 23ರಂದು, ಯಾವ ಗೋಳಾರ್ಧವೂ ಸೂರ್ಯನ ಕಡೆಗೆ ಬಾಗಿರುವುದಿಲ್ಲ. ಸೂರ್ಯ ಸಮಭಾಜಕ ವೃತ್ತದ ನೇರ ಮೇಲಿರುತ್ತಾನೆ. ಬೆಳಕು ಎರಡೂ ಗೋಳಾರ್ಧಗಳಿಗೆ ಸಮನಾಗಿ ಹಂಚಿಕೆಯಾಗುತ್ತದೆ.

ಹಗಲು, ರಾತ್ರಿ ಕರಾರುವಾಕ್ಕಾಗಿ 12 ಗಂಟೆಯೇ?

ಅಲ್ಲ. ಅಂದು ಬೆಂಗಳೂರಿನಲ್ಲಿ ಹಗಲು ಸುಮಾರು 12 ಗಂಟೆ 7 ನಿಮಿಷ ಇರುತ್ತದೆ. ಇದಕ್ಕೆ ಎರಡು ಕಾರಣ. ಸೂರ್ಯನ ಮೇಲಂಚು ಕಂಡೊಡನೆ ಸೂರ್ಯೋದಯ ಎನ್ನುತ್ತೇವೆ, ಮೇಲಂಚು ಪೂರ್ತಿ ಮರೆಯಾದ ಮೇಲೆ ಸೂರ್ಯಾಸ್ತ ಎನ್ನುತ್ತೇವೆ. ಜೊತೆಗೆ ವಾತಾವರಣ ಬೆಳಕನ್ನು ಬಾಗಿಸುವುದರಿಂದ ದಿಗಂತದ ಕೆಳಗಿರುವ ಸೂರ್ಯನೂ ನಮಗೆ ಕಾಣುತ್ತಾನೆ. ಬೆಂಗಳೂರಿನಲ್ಲಿ ಹಗಲು-ರಾತ್ರಿ ನಿಜಕ್ಕೂ ಸಮವಾಗುವುದು ಅಕ್ಟೋಬರ್ ಮೊದಲ ವಾರದಲ್ಲಿ. ನಿಮ್ಮ ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಸೂರ್ಯೋದಯ, ಸೂರ್ಯಾಸ್ತದ ಸಮಯ ನೋಡಿ ನೀವೇ ಲೆಕ್ಕ ಹಾಕಬಹುದು.

ಸೂರ್ಯ ಹತ್ತಿರ ಬರುತ್ತಾನೆಯೇ?

ಇಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ. ನೆತ್ತಿಯ ಮೇಲಿನ ಸೂರ್ಯನ ಮಾತೂ ಕರ್ನಾಟಕಕ್ಕೆ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಸೂರ್ಯ ನೇರ ನೆತ್ತಿಗೆ ಬಂದು ನೆರಳು ಮಾಯವಾಗುವ ಶೂನ್ಯ ನೆರಳಿನ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತವೆ. ವಿಷುವದ ಹೊತ್ತಿಗೆ ಸೂರ್ಯ ಆಗಲೇ ದಕ್ಷಿಣಕ್ಕೆ ಸರಿದಿರುತ್ತಾನೆ.

ಮೊಬೈಲ್‌ಗೆ ತೊಂದರೆಯೇ?

ಇಲ್ಲಿ ಒಂದು ಎಳೆ ಸತ್ಯವಿದೆ. ಸೆಪ್ಟೆಂಬರ್ ವಿಷುವದ ನಂತರದ ಕೆಲವು ದಿನ ಸೂರ್ಯ ಸಂಪರ್ಕ ಉಪಗ್ರಹಗಳ ಹಿಂದೆ ಹಾದುಹೋಗುತ್ತಾನೆ. ಆಗ ಸೂರ್ಯನ ರೇಡಿಯೊ ಅಲೆಗಳು ಡಿಶ್‌ಗೆ ನುಗ್ಗಿ, ಟಿವಿ ಸಿಗ್ನಲ್ ಕೆಲವು ನಿಮಿಷ ಕೈಕೊಡಬಹುದು. ಮೊಬೈಲ್ ಮಾತ್ರ ನೆಲದ ಮೇಲಿನ ಟವರ್‌ಗಳಿಂದ ಸಿಗ್ನಲ್ ಪಡೆಯುತ್ತದೆ. ದೇಹಕ್ಕೆ ಇದರಿಂದ ಯಾವ ಹಾನಿಯೂ ಇಲ್ಲ.

ಸುಮ್ಮನೆ ಫಾರ್ವರ್ಡ್ ಮಾಡಿದರೆ ಏನಾಗುತ್ತದೆ?

ಕಳಿಸಿದ್ದರಲ್ಲಿ ತಪ್ಪೇನು, ಎಚ್ಚರಿಕೆ ತಾನೇ ಎಂದು ಅನಿಸಬಹುದು. ಆದರೆ ಇಂಥ ಸುಳ್ಳು ಎಚ್ಚರಿಕೆಗಳನ್ನು ಮತ್ತೆ ಮತ್ತೆ ಓದಿದವರು ಏಪ್ರಿಲ್, ಮೇ ತಿಂಗಳಲ್ಲಿ ಹವಾಮಾನ ಇಲಾಖೆ ಕೊಡುವ ಬಿಸಿಗಾಳಿಯ ನಿಜವಾದ ಎಚ್ಚರಿಕೆಯನ್ನೂ ಅದೇ ಸಾಲಿಗೆ ಸೇರಿಸಿಬಿಡುತ್ತಾರೆ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಬಿಸಿಲಿಗೆ ಮೈಯೊಡ್ಡುವವರಿಗೆ ಆ ಎಚ್ಚರಿಕೆ ಜೀವ ಉಳಿಸುವಂಥದ್ದು.

ಆದ್ದರಿಂದ ಈ ಸಂದೇಶ ಮತ್ತೆ ಬಂದರೆ ಅಲ್ಲಿಗೇ ನಿಲ್ಲಿಸಿ. ಕಳಿಸಿದವರು ಮನೆಯ ಹಿರಿಯರಾಗಿದ್ದರೆ, ವಿಷುವದ ದಿನ ಬೆಳಿಗ್ಗೆ ಅವರ ಜೊತೆ ಅಂಗಳಕ್ಕೆ ಬನ್ನಿ. ಅಂದು ಸೂರ್ಯ ಹುಟ್ಟುವುದು ಸರಿಯಾಗಿ ಪೂರ್ವದಲ್ಲಿ.